ಓಣಿಗೊಂದು ಹಸಿರು ಹಂದರ: ಬೇವೋ, ಹೊಂಗೆಯೋ, ಹುಣಸೆಯೋ, ಮಳೆಮರವೋ?

ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆ. ನಮ್ಮ ಮನೆ ಮುಂದಿನ ಶಹಾಬಾದ್ ಪರಸಿ ಕಲ್ಲಿನ ಹಾಸು ಕಾದ ಹಂಚಿನ ಹಾಗೆ ಆಗಿರುತ್ತದೆ. ಬರಿಗಾಲಲ್ಲಿ ನಿಂತರೆ ಅಂಗಾಲು ಚುರ್ ಅನ್ನುತ್ತದೆ, ಓಡಲೇಬೇಕು. ಹತ್ತು ಹೆಜ್ಜೆ ಆಚೆ ಓಣಿಯ ಎರಡೂ ಬದಿಯ ಹೊಂಗೆ ಮರಗಳು ತಲೆ ಕೂಡಿಸಿವೆ. ಅಲ್ಲಿ ಅದೇ ಪರಸಿಯ ಮೇಲೆ ಪಕ್ಕದ ಮನೆಯ ಕಾಕು ಕಾಲು ಚಾಚಿ ಕೂತು ಜೋಳ ಹಸನು ಮಾಡುತ್ತಿರುತ್ತಾರೆ. ತರಕಾರಿ ಗಾಡಿ ನಿಲ್ಲುವುದೂ ಅಲ್ಲೇ. ರಜೆಯಲ್ಲಿರುವ ಮಕ್ಕಳು ಬಿಸಿಲಲ್ಲಿ ಓಡಿ ಬಂದು ಅಲ್ಲಿಗೆ ಬಂದ ಕೂಡಲೇ ನಿಧಾನ ಆಗುತ್ತಾರೆ.

ಕಲಬುರಗಿಯಲ್ಲಿ ಮೇ ತಿಂಗಳು 42 ಡಿಗ್ರಿ ದಾಟುವುದು ಹೊಸ ಸುದ್ದಿ ಅಲ್ಲ. ಈ ಬಿಸಿಲಿಗಾಗಿಯೇ ನಮ್ಮ ವಿಭಾಗದಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರ ತನಕ ನಡೆಯುತ್ತವೆ. ಇಂಥ ಊರಲ್ಲಿ ರಸ್ತೆಯ ಮೇಲೆ ಕೂಡುವ ಮರಗಳು ಬರೀ ಅಂದಕ್ಕೆ ಅಲ್ಲ. ತಗಡಿನ ಕೆಳಗೆ ನಿಂತರೂ ನೆರಳೇ, ಆದರೆ ತಗಡು ತಾನೇ ಕಾದು ಆ ಸೆಕೆಯನ್ನು ನಮ್ಮ ತಲೆ ಮೇಲೆ ಸುರಿಯುತ್ತದೆ. ಎಲೆ ಹಾಗಲ್ಲ. ಬೇರು ಎಳೆದ ನೀರನ್ನು ಎಲೆ ಆವಿ ಮಾಡಿ ಬಿಡುತ್ತದೆ, ಅದರಿಂದ ಸುತ್ತಲಿನ ಗಾಳಿಯೂ ತಂಪಾಗುತ್ತದೆ.

ಪ್ರತಿ ವರ್ಷ ಮಿರಗದ ಮಳೆ, ಅಂದರೆ ಜೂನ್‌ನ ಮೃಗಶಿರಾ ಮಳೆ, ಹತ್ತಿರ ಬಂದಾಗ ಓಣಿಯ ಜನ, ಪರಿಚಯದವರು ಒಂದೇ ಪ್ರಶ್ನೆ ಕೇಳುತ್ತಾರೆ: "ರಸ್ತೆಗೆ ಯಾವ ಗಿಡ ಹಚ್ಚಬೇಕ್ರೀ?" ನಮ್ಮ ಕಡೆ ಎಷ್ಟೇ ದೊಡ್ಡ ಮರವಾದರೂ ಅದು ಗಿಡವೇ. ಬೇವಿನ ಗಿಡ, ಹುಣಸಿ ಗಿಡ, ಆಲದ ಗಿಡ. ಕೇಳುವವರ ಮನಸ್ಸಲ್ಲಿ ಸಾಮಾನ್ಯವಾಗಿ ಎರಡು ಆಸೆ ಇರುತ್ತವೆ. ಬೇಗ ಬೆಳೀಬೇಕು, ಚೆಂದ ಹೂ ಬಿಡಬೇಕು. ನಾನು ಈ ಎರಡನ್ನೂ ಪಕ್ಕಕ್ಕಿಟ್ಟು ಬೇರೆ ಒಂದನ್ನು ಕೇಳುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಆ ಮರದ ಮೈಮೇಲೆ ಎಲೆ ಇರುತ್ತದಾ? ಬಿಸಿಲು ಕಡಿಮೆ ಇರುವ ಆಗಸ್ಟ್‌ನಲ್ಲಿ ತುಂಬಾ ನೆರಳು ಕೊಟ್ಟು, ಬೇಕಾದ ಹೊತ್ತಿಗೆ ಬೋಳಾಗಿ ನಿಲ್ಲುವ ಮರ ಕಲಬುರಗಿ, ಯಾದಗಿರಿ, ಬೀದರ್ ಈ ನಮ್ಮ ಮೂರು ಜಿಲ್ಲೆಗೆ ಸರಿ ಹೊಂದುವುದಿಲ್ಲ.

ಮೊದಲು ಟೇಪು ಹಿಡಿದು ರಸ್ತೆ ಅಳೆಯಿರಿ

ಎರಡನೇ ಪ್ರಶ್ನೆ ಅಗಲದ್ದು. ಮರಗಳು ರಸ್ತೆಯ ಮೇಲೆ ತಾವಾಗಿಯೇ ಬಾಗುವುದಕ್ಕೆ ಕಾರಣ ಬೆಳಕು. ಒಂದೇ ಸಾಲಿನಲ್ಲಿ ಪಕ್ಕಪಕ್ಕ ನಿಂತ ಮರಗಳಿಗೆ ಅಕ್ಕಪಕ್ಕ ಬೆಳಕು ಕಡಿಮೆ. ಹಿಂದೆ ಮನೆಗಳ ಗೋಡೆ. ಖಾಲಿ ಇರುವುದು ರಸ್ತೆಯ ಮೇಲಿನ ಆಕಾಶ ಮಾತ್ರ. ಕೊಂಬೆಗಳು ಆ ಕಡೆಗೇ ಕೈ ಚಾಚುತ್ತವೆ. ಎದುರು ಸಾಲಿನವೂ ಹಾಗೇ ಮಾಡುತ್ತವೆ, ನಡುವೆ ಬಂದು ಕೂಡುತ್ತವೆ. ಆದರೆ ಮರದ ತಲೆ ಹರಡುವುದಕ್ಕೊಂದು ಮಿತಿ ಇದೆ. ಮೂವತ್ತು ಅಡಿ ಹರಡುವ ಮರ ತನ್ನ ಬೊಡ್ಡೆಯಿಂದ ಹದಿನೈದು ಅಡಿ ಮಾತ್ರ ಕೈ ಚಾಚಬಲ್ಲದು. ಇಪ್ಪತ್ತೈದು ಅಡಿಯ ಓಣಿಗೆ ಅದು ಸಾಕು. ಅದೇ ಮರವನ್ನು ಎಂಬತ್ತು ಅಡಿ ರಸ್ತೆಯ ಎರಡೂ ಬದಿ ನೆಟ್ಟರೆ ಎಷ್ಟು ವರ್ಷ ಕಾದರೂ ನಡುವೆ ಬಿಸಿಲೇ. ಇನ್ನು ಎಂಬತ್ತು ಅಡಿ ಹರಡುವ ಮರವನ್ನು ಓಣಿಯೊಳಗೆ ತಂದರೆ ಅದು ಮಾಳಿಗೆ ಮೇಲೆ ಬರುತ್ತದೆ, ಜನ ಕೊಡಲಿ ತರುತ್ತಾರೆ.

ಇಪ್ಪತ್ತು, ಮೂವತ್ತು ಅಡಿಯ ಓಣಿಗೆ: ಹೊಂಗೆ

ಓಣಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಹೊಂಗೆ. ನಮ್ಮ ಭಾಗದಲ್ಲಿ ಹುಲಗಲಿ ಅನ್ನುವವರೂ ಇದ್ದಾರೆ. ಎತ್ತರ ಹೆಚ್ಚೆಂದರೆ ನಲವತ್ತು, ಐವತ್ತು ಅಡಿ. ತಲೆ ಗುಂಡಗೆ, ದಟ್ಟ. ಹಳೆ ಎಲೆ ಉದುರಿಸಿ ಬೇಸಿಗೆ ಜೋರಾಗುವ ಹೊತ್ತಿಗೆ ಹೊಸ ಎಲೆ ಹೊತ್ತು ನಿಲ್ಲುತ್ತದೆ. ಆ ಎಳೆ ಎಲೆಯ ಹೊಳಪನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ಎಣ್ಣೆ ಹಚ್ಚಿ ಒರೆಸಿದ ಹಾಗೆ ಇರುತ್ತದೆ. ಬಿಸಿಲು ಎಲೆಯ ಮೂಲಕ ಇಳಿದು ಕೆಳಗಿನ ಗೋಡೆ, ಮುಖ, ನೀರಿನ ಕೊಡ ಎಲ್ಲವೂ ತಿಳಿ ಹಸಿರಾಗಿ ಕಾಣುತ್ತವೆ. ನಂತರ ನಸುಗೆಂಪು ಬಿಳಿ ಹೂ ಉದುರಿ ಕೆಳಗೆ ಮಂಡಕ್ಕಿ ಚೆಲ್ಲಿದ ಹಾಗೆ ಆಗುತ್ತದೆ.

ಓಣಿಗೆ ಇದು ಹೊಂದುವುದಕ್ಕೆ ಇನ್ನೊಂದು ಕಾರಣ ಆಡು. ನಮ್ಮ ಓಣಿಗಳಲ್ಲಿ ಆಡು, ದನ ಅಡ್ಡಾಡುತ್ತವೆ. ಹೊಂಗೆ ಎಲೆ ಕಹಿ, ಬೇರೆ ಮೇವು ಇದ್ದರೆ ಅವು ಬಾಯಿ ಹಾಕುವುದು ಕಡಿಮೆ. ಅರ್ಧ ಸಸಿಗಳು ಸಾಯುವುದು ನೀರಿಲ್ಲದೆ, ಇನ್ನರ್ಧ ಆಡಿನ ಬಾಯಿಗೆ ಅಂತ ನನ್ನ ಅನುಭವ. ಹಾಗಾಗಿ ಇದು ಸಣ್ಣ ಮಾತಲ್ಲ. ತೊಗರಿಯ ಹಾಗೆ ಇದೂ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿದಿಡುವ ಜಾತಿ, ಬಡ ಮಣ್ಣಲ್ಲೂ ಬರುತ್ತದೆ.

ಕೊರತೆ ಇಲ್ಲ ಅಂತಲ್ಲ. ಎಲೆ ಮೇಲೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ನೋಡಿದವರು ಮರಕ್ಕೆ ರೋಗ ಬಂತು ಅಂತ ಗಾಬರಿ ಆಗುತ್ತಾರೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ, ಮರ ಸಾಯುವುದಿಲ್ಲ. ಕಾಯಿ ಉದುರುತ್ತದೆ, ಎಲೆ ಉದುರುತ್ತದೆ. ನಮ್ಮ ಕಾಕು ಮೊದಲ ವರ್ಷ ಕೇಳಿದ್ದರು: "ಈ ಎಲಿ ಕಸ ಯಾರ್ ಹೊಡೀಬೇಕಪ್ಪ?" ಈಗ ಅವರೇ ಬೆಳಿಗ್ಗೆ ಎದ್ದು ಎಲೆ ಗುಡಿಸಿ ಬುಡಕ್ಕೆ ಸುರಿಯುತ್ತಾರೆ. ಅಲ್ಲೇ ಕೊಳೆತು ಗೊಬ್ಬರ ಆಗುತ್ತದೆ. ದಯವಿಟ್ಟು ಎಲೆಗೆ ಬೆಂಕಿ ಹಚ್ಚಬೇಡಿ. ಬುಡದ ತೊಗಟೆ ಸುಟ್ಟರೆ ಮರ ಒಳಗಿನಿಂದಲೇ ಸೊರಗುತ್ತದೆ.

ನಲವತ್ತು, ಐವತ್ತು ಅಡಿ ರಸ್ತೆಗೆ: ಬೇವು

ಬಡಾವಣೆಯ ಮುಖ್ಯ ರಸ್ತೆ, ಶಾಲೆ ಮುಂದಿನ ರಸ್ತೆ, ಮಾರುಕಟ್ಟೆಗೆ ಹೋಗುವ ದಾರಿ, ಇವಕ್ಕೆ ಬೇವು. ನಮ್ಮಲ್ಲಿ ಮಳೆ ವರ್ಷಕ್ಕೆ 750 ಮಿಲಿಮೀಟರ್ ಆಸುಪಾಸು. ಅದೂ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ ಮುಗಿಯುತ್ತದೆ. ಬೇವಿಗೆ ಅಷ್ಟು ಮಳೆ ಧಾರಾಳ, ಅದಕ್ಕಿಂತ ಕಡಿಮೆಯಲ್ಲೂ ಬದುಕುತ್ತದೆ. ಬೇರು ಆಳಕ್ಕೆ ಇಳಿಯುತ್ತದೆ. ಹೊಂಗೆಯಷ್ಟು ಕತ್ತಲು ಮಾಡುವುದಿಲ್ಲ, ಗಾಳಿ ಆಡುವ ನೆರಳು ಅದರದು. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರಿಸಿದರೂ ಯುಗಾದಿ ಹೊತ್ತಿಗೆ ಕೆಂಪು ಚಿಗುರು, ಹೂ ಎಲ್ಲ ಬಂದಿರುತ್ತದೆ. ಬೇವು ಬೆಲ್ಲಕ್ಕೆ ಹೂ ಕೀಳಲು ಮರದ ಕೆಳಗೆ ಜನ ಸೇರುವ ವಾರವೇ ಅದರ ನೆರಳು ಶುರುವಾಗುವ ವಾರ.

ಆದರೆ ಬೇವಿನ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಕೆಲ ವರ್ಷಗಳಿಂದ ಬೇವಿನ ತುದಿ ಒಣಗುವ ರೋಗ ತೆಲಂಗಾಣ, ಕರ್ನಾಟಕದಲ್ಲೆಲ್ಲ ಕಾಣುತ್ತಿದೆ. ಮಳೆಗಾಲದ ಕೊನೆಗೆ ಕೊಂಬೆಗಳ ತುದಿಗಳು ಬೆಂಕಿ ತಗುಲಿದ ಹಾಗೆ ಕಂದು ಆಗುತ್ತವೆ. ದೂರದಿಂದ ನೋಡಿದರೆ ಇಡೀ ಮರ ಸತ್ತ ಹಾಗೆ ಕಾಣುತ್ತದೆ. ಇದು ಒಂದು ಬಗೆಯ ಶಿಲೀಂಧ್ರದಿಂದ ಬರುವ ರೋಗ. ಬೆಳೆದ ಮರ ಬಹುತೇಕ ಮುಂದಿನ ಬೇಸಿಗೆಗೆ ಮತ್ತೆ ಚಿಗುರುತ್ತದೆ. ಮರ ಹೋಯ್ತು ಅಂತ ಬುಡಕ್ಕೆ ಕೊಡಲಿ ಹಾಕಬೇಡಿ. ಒಣಗಿದ ತುದಿ ಕತ್ತರಿಸಿ ಅಲ್ಲಿಂದ ದೂರ ಒಯ್ಯಿರಿ, ಬುಡಕ್ಕೆ ನೀರು ಗೊಬ್ಬರ ಕೊಡಿ, ಒಂದು ಬೇಸಿಗೆ ಕಾಯಿರಿ. ಈ ರೋಗ ಇರುವುದರಿಂದಲೇ ಇಡೀ ರಸ್ತೆಗೆ ಬರೀ ಬೇವು ನೆಡುವುದು ಬೇಡ ಅನ್ನುತ್ತೇನೆ. ಎರಡು ಬೇವಿಗೆ ಒಂದು ಹೊಂಗೆ ಸೇರಿಸಿದರೆ ಒಂದು ಜಾತಿಗೆ ಬಂದ ಕಷ್ಟ ಇಡೀ ಹಂದರವನ್ನು ಕೆಡವುವುದಿಲ್ಲ.

ಬೀಜದಿಂದ ಬೆಳೆಸುವ ಆಸೆ ಇದ್ದರೆ ಹಣ್ಣು ಬಿದ್ದ ಎರಡು ವಾರದೊಳಗೆ ಹಾಕಿಬಿಡಿ. ಡಬ್ಬಿಯಲ್ಲಿ ಇಟ್ಟು ಮುಂದಿನ ವರ್ಷ ಹಾಕುತ್ತೇನೆ ಅಂದರೆ ಹುಟ್ಟುವುದಿಲ್ಲ.

ಊರ ಹೊರಗಿನ ದಾರಿಗೆ: ಹುಣಸೆ, ಆಲ

ಹುಣಸೆ ಮೇಲೆ ನನಗೆ ಪ್ರೀತಿ ಜಾಸ್ತಿ, ಮುಚ್ಚಿಡುವುದಿಲ್ಲ. ಹಳ್ಳಿ ರಸ್ತೆಗಳಲ್ಲಿ ಬಸ್ಸಿನ ಮುಂದಿನ ಸೀಟಲ್ಲಿ ಕೂತು ಹೋದವರಿಗೆ ಗೊತ್ತು. ಎರಡೂ ಕಡೆ ತೊಗರಿ ಹೊಲ, ಕಣ್ಣು ಕುಕ್ಕುವ ಬಿಸಿಲು. ಒಮ್ಮೆಲೇ ಹುಣಸೆ ಸಾಲು ಶುರುವಾಗುತ್ತದೆ. ಕಿಟಕಿಯಿಂದ ಬರುವ ಗಾಳಿಯೇ ಬದಲಾಗುತ್ತದೆ, ಮಲಗಿದವರು ಎದ್ದು ಹೊರಗೆ ನೋಡುತ್ತಾರೆ. ಸಣ್ಣ ಸಣ್ಣ ಎಲೆ, ಆದರೆ ಸಾವಿರಾರು. ಕೊಂಬೆ ಗಟ್ಟಿ. ಏಪ್ರಿಲ್, ಮೇ ತಿಂಗಳ ಬಿರುಗಾಳಿ ಮಳೆಗೆ ಬೇರೆ ಮರಗಳ ಟೊಂಗೆ ಮುರಿದು ಬಿದ್ದಾಗಲೂ ಹುಣಸೆ ಸುಲಭಕ್ಕೆ ಜಗ್ಗುವುದಿಲ್ಲ. ನೂರು ವರ್ಷ ಅದಕ್ಕೆ ದೊಡ್ಡ ವಯಸ್ಸೇ ಅಲ್ಲ. ಚಿಗುರು ಪಲ್ಯಕ್ಕೆ, ಹಣ್ಣು ಸಾರಿಗೆ. ರಾತ್ರಿ ಹುಣಸೆ ಕೆಳಗೆ ಮಲಗಬಾರದು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಹಗಲಲ್ಲಿ ಅದೇ ಅಜ್ಜಿ ಬಸ್ಸಿಗೆ ಕಾಯುತ್ತಾ ಕೂರುತ್ತಿದ್ದದ್ದು ಅದರ ಕೆಳಗೇ.

ತೊಂದರೆ ಒಂದೇ, ನಿಧಾನ. ನೀವು ನೆಟ್ಟ ಹುಣಸೆ ರಸ್ತೆ ಮೇಲೆ ಕೂಡುವುದನ್ನು ನಿಮ್ಮ ಮಕ್ಕಳು ನೋಡುತ್ತಾರೆ. ಆದ್ದರಿಂದಲೇ ರಸ್ತೆ ಅಗಲ ಮಾಡುವಾಗ ಹಳೆ ಸಾಲುಗಳನ್ನು ಕಡಿದು "ಒಂದಕ್ಕೆ ಹತ್ತು ಸಸಿ ನೆಡುತ್ತೇವೆ" ಅಂದಾಗ ನನಗೆ ಸಂಕಟ ಆಗುತ್ತದೆ. ಹತ್ತು ಸಸಿಯ ನೆರಳಲ್ಲಿ ಒಂದು ಆಡೂ ನಿಲ್ಲುವುದಿಲ್ಲ. ಎಲ್ಲಿ ಹಳೆ ಹುಣಸೆ ಇದೆಯೋ ಅಲ್ಲಿ ಮೊದಲ ಆಯ್ಕೆ ಹೊಸ ಗಿಡ ಅಲ್ಲ, ಇದ್ದುದನ್ನು ಉಳಿಸುವುದು. ನಗರದಲ್ಲಿ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ನಿಮ್ಮ ಓಣಿಯಲ್ಲಿ ಯಾರಾದರೂ ಗರಗಸ ತಂದರೆ ಕಾಗದ ತೋರಿಸಿ ಅಂತ ಕೇಳಿ.

ಆಲದ ಮಾತು ಬೇರೆ. ಹೈದರಾಬಾದಿಗೆ ಚೇವೆಳ್ಳ ದಾರಿಯಲ್ಲಿ ಹೋದವರು ಸುಮಾರು 900 ಆಲದ ಮರಗಳ ಆ ಸಾಲನ್ನು ಮರೆಯುವುದಿಲ್ಲ. ಮಾಗಡಿ ಕಡೆ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಹುಲಿಕಲ್–ಕುದೂರು ರಸ್ತೆಯಲ್ಲಿ ಬೆಳೆಸಿದ್ದೂ ಆಲವನ್ನೇ. 385 ಮರ, ಕೊಡದಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ. ಅದಕ್ಕೂ ಎಷ್ಟೋ ಹಿಂದೆ ಅಶೋಕ ಚಕ್ರವರ್ತಿ, ಜನಕ್ಕೂ ದನಕ್ಕೂ ನೆರಳಾಗಲಿ ಅಂತ ದಾರಿ ಬದಿ ಆಲ ನೆಡಿಸಿದ್ದಾಗಿ ಕಂಬದ ಶಾಸನದಲ್ಲಿ ಬರೆಸಿದ. ಅವನ ಬೇರೆ ಶಾಸನಗಳು ನಮ್ಮ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿವೆ. ಆಲ ದಾರಿಯ ಮರ, ಓಣಿಯ ಮರ ಅಲ್ಲ. ಡಾಂಬರಿನಿಂದ ಇಪ್ಪತ್ತು ಅಡಿಯಾದರೂ ಖಾಲಿ ಜಾಗ ಇದ್ದರೆ ಮಾತ್ರ ನೆಡಿ. ಚರಂಡಿ, ಅಡಿಪಾಯ, ನೀರಿನ ಪೈಪು ಯಾವುದನ್ನೂ ಅದರ ಬೇರು ಬಿಡುವುದಿಲ್ಲ. ಅನುಕೂಲ ಏನೆಂದರೆ ಆಳಿಗಿಂತ ಎತ್ತರದ ದಪ್ಪ ಟೊಂಗೆಯನ್ನೇ ನೆಟ್ಟು ಬೆಳೆಸಬಹುದು. ಚಿಗುರು ದನಕ್ಕೆ ಎಟುಕುವುದಿಲ್ಲ.

ಅಗಲ ರಸ್ತೆಗೆ ಬೇಗ ಬೇಕೆಂದರೆ: ಮಳೆಮರ

ಅರವತ್ತು, ಎಂಬತ್ತು ಅಡಿ ರಸ್ತೆಯನ್ನು ನಮ್ಮ ಕಣ್ಣೆದುರೇ ಮುಚ್ಚಬಲ್ಲ ಮರ ಅಂದರೆ ಮಳೆಮರ. ಮೂಲ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಕೊಡೆಯ ಹಾಗೆ ಅಗಲಕ್ಕೆ ಹರಡುತ್ತದೆ. ಸಂಜೆ ಆದ ಮೇಲೆ ಎಲೆ ಮಡಚಿಕೊಳ್ಳುತ್ತದೆ, ಮೋಡ ಕವಿದಾಗಲೂ ಅಷ್ಟೇ. ಹಾಗಾಗಿ ಹಗಲು ನೆರಳು, ರಾತ್ರಿ ಕೊಂಬೆಗಳ ನಡುವೆ ಆಕಾಶ. ಗುಲಾಬಿ ಬಣ್ಣದ ಕುಚ್ಚಿನಂಥ ಹೂ. ಸಿಹಿ ಕಾಯಿಯನ್ನು ದನ ಹುಡುಕಿ ತಿನ್ನುತ್ತವೆ.

ಇದಕ್ಕೆ ನೀರು ಬೇಕು. ಯಾದಗಿರಿ ಜಿಲ್ಲೆಯಲ್ಲಿ ನಾರಾಯಣಪುರ ಎಡದಂಡೆ ಕಾಲುವೆ ಹರಿಯುವ ಶಹಾಪುರ, ಸುರಪುರ ಕಡೆಯ ರಸ್ತೆಗಳಿಗೆ ನಾನು ಇದನ್ನೇ ಹೇಳುತ್ತೇನೆ. ಒಣ ಎರೆ ಹೊಲಗಳ ನಡುವಿನ ದಾರಿಗೆ ಹೇಳುವುದಿಲ್ಲ. ಬೇರು ಮೇಲೆಮೇಲೆ ಹರಡಿ ಫುಟ್‌ಪಾತ್ ಎತ್ತುತ್ತದೆ. ಭಾರದ ಕೊಂಬೆ ಗಾಳಿಗೆ ಸೀಳಬಹುದು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಒಣ ಕೊಂಬೆ ತೆಗೆಸುವವರು ಇದ್ದರೆ ಮಾತ್ರ ನೆಡಿ.

ಜನ ಕೇಳುವ ಇನ್ನು ಕೆಲವು

ಗುಲ್‌ಮೊಹರ್ ಎಲ್ಲರಿಗೂ ಇಷ್ಟ. ಚಿಕ್ಕಂದಿನಲ್ಲಿ ಅದರ ಹೂವಿನ ಕೇಸರ ಕೊಕ್ಕೆ ಹಾಕಿ ಕೋಳಿ ಜಗಳ ಆಡದವರು ಯಾರಿದ್ದಾರೆ? ಆದರೆ ಮಡಗಾಸ್ಕರ್‌ನಿಂದ ಬಂದ ಈ ಮರ ಏಪ್ರಿಲ್‌ನಲ್ಲಿ ಬಹುತೇಕ ಬೋಳು. ಮೇ ತಿಂಗಳಲ್ಲಿ ಮೈತುಂಬ ಕೆಂಪು ಹೂ, ನೆರಳು ತೆಳು. ಎಲೆ ತುಂಬುವ ಹೊತ್ತಿಗೆ ಮಳೆ ಬಂದಿರುತ್ತದೆ. ಬೇರು ಆಳ ಇಲ್ಲ, ಕೊಂಬೆ ಸುಲಭಕ್ಕೆ ಮುರಿಯುತ್ತದೆ. ಉದ್ಯಾನದಲ್ಲಿ ಇರಲಿ, ರಸ್ತೆಗೆ ಬೇಡ.

ಅಶೋಕ ಅಂತ ನರ್ಸರಿಯಲ್ಲಿ ಕೊಡುವ ಕಂಬದಂಥ ಮರ ಮೇಲಕ್ಕೆ ಹೋಗುತ್ತದೆ ಅಷ್ಟೇ, ಪಕ್ಕಕ್ಕೆ ಹರಡುವುದೇ ಇಲ್ಲ. ಬೇಗ ಬೆಳೆಯುತ್ತದೆ ಅಂತ ನೆಡುವ ವಿದೇಶಿ ಗಿಡ ಕೋನೋಕಾರ್ಪಸ್ ಬೇಡವೇ ಬೇಡ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ನೇರಳೆ ನೆರಳಿಗೆ ಒಳ್ಳೆಯದು, ಹಣ್ಣು ಬೀಳುವ ದಿನಗಳಲ್ಲಿ ಬೈಕ್ ಜಾರುತ್ತದೆ. ಮನೆ ಅಂಗಳಕ್ಕೆ ಇಟ್ಟುಕೊಳ್ಳಿ.

ಮಣ್ಣು, ತಂತಿ, ಸಿಮೆಂಟು

ಮರ ಆಯ್ಕೆ ಮಾಡಿದ ಮೇಲೆ ಕೆಳಗೆ ನೋಡಿ. ಕಲಬುರಗಿಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆ ಬಿರುಕಲ್ಲಿ ಎಳೆ ಬೇರು ಹರಿದು ಹೋಗುತ್ತದೆ. ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಮಣ್ಣಿಗೆ ಮುರುಂ (ಗರಸು ಮಣ್ಣು) ಇಲ್ಲವೇ ಮರಳು, ಕೊಳೆತ ತಿಪ್ಪೆ ಗೊಬ್ಬರ ಬೆರೆಸಿ. ಬುಡ ಸ್ವಲ್ಪ ಎತ್ತರದಲ್ಲಿರಲಿ, ಮಳೆ ನೀರು ಕಟ್ಟಿ ನಿಲ್ಲಬಾರದು. ಚಿತ್ತಾಪುರ, ಸೇಡಂ ಕಡೆ ಎರಡು ಅಡಿಗೆ ಪರಸಿ ಹಾಸು ಸಿಕ್ಕರೆ ಹಾರೆಯಿಂದ ಮೇಲಿನ ಪದರ ಒಡೆಯಿರಿ, ಇಲ್ಲವೇ ಗುಂಡಿ ಸರಿಸಿ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದ ಸಮಸ್ಯೆ ಉಲ್ಟಾ. ಅಲ್ಲಿ ನೀರು ನಿಲ್ಲುವುದೇ ಇಲ್ಲ, ಸರ್ರನೆ ಇಳಿದು ಹೋಗುತ್ತದೆ. ಬುಡದ ಸುತ್ತ ಪಾತಿ ಮಾಡಿ ಒಣ ಎಲೆ ದಪ್ಪಗೆ ಹಾಸಿ.

ಆಮೇಲೆ ಮೇಲೆ ನೋಡಿ. ಕರೆಂಟ್ ತಂತಿ ಇರುವ ಬದಿಗೆ ಹೊಂಗೆ, ಇಲ್ಲದ ಬದಿಗೆ ಬೇವು ಹಾಕಿದರೆ ಬೇವು ತಂತಿಯ ಮೇಲಿಂದ ದಾಟಿ ಬಂದು ಹೊಂಗೆಗೆ ಕೂಡುತ್ತದೆ. ಲೈನ್‌ಮನ್ ಬಂದಾಗ ನೀವೂ ಹೊರಗೆ ನಿಲ್ಲಿ. ತಂತಿಗೆ ತಾಗುವ ಕೊಂಬೆಯನ್ನು ಬೊಡ್ಡೆಯ ಹತ್ತಿರ ನೀಟಾಗಿ ತೆಗೆಯಲು ಕೇಳಿಕೊಳ್ಳಿ. ಅರ್ಧಕ್ಕೆ ಕಡಿದರೆ ಅಲ್ಲಿಂದ ಹತ್ತು ದುರ್ಬಲ ಚಿಗುರು ಬಂದು ಮುಂದಿನ ವರ್ಷ ಮತ್ತೆ ತಂತಿಗೇ ತಾಗುತ್ತವೆ.

ಸಿಮೆಂಟಿನ ಬಗ್ಗೆ ನನ್ನ ಎದೆಯಲ್ಲಿ ಒಂದು ನೋವು ಇದೆ. ನಮ್ಮ ಓಣಿಯ ತುದಿಯಲ್ಲಿ ಇದ್ದ ಬೇವಿಗೆ ರಸ್ತೆ ಕೆಲಸದವರು ಬೊಡ್ಡೆಗೆ ಅಂಟಿಸಿ ಕಾಂಕ್ರೀಟ್ ಹಾಕಿದರು. ಬುಡಕ್ಕೆ ಒಂದು ಲೋಟ ನೀರು ಇಳಿಯಲು ಸಂದು ಉಳಿಯಲಿಲ್ಲ. ನಾವು ಯಾರೂ ಅವತ್ತು ಬಾಯಿ ಬಿಡಲಿಲ್ಲ. ಎರಡು ಬೇಸಿಗೆ ಸೊರಗಿತು, ಮೂರನೆಯ ಬೇಸಿಗೆಯ ಗಾಳಿಗೆ ಬಿತ್ತು. ಕಾಂಕ್ರೀಟ್ ಚಪ್ಪಡಿ ಬುಡಕ್ಕೆ ಅಂಟಿಕೊಂಡೇ ಎದ್ದಿತ್ತು. ಕೆಳಗಿನ ಮಣ್ಣು ಮುಟ್ಟಿ ನೋಡಿದೆ, ಹಿಟ್ಟಿನ ಹಾಗೆ ಒಣಗಿತ್ತು. ಪ್ರತಿ ಮರದ ಸುತ್ತ ನಾಲ್ಕು ಅಡಿ ಚೌಕ ಮಣ್ಣು ಬಿಡಿಸಿ. ಕೆಲಸ ಶುರುವಾಗುವ ಮೊದಲೇ ಸುಣ್ಣದಲ್ಲಿ ಗುರುತು ಹಾಕಿ ಇಡಿ.

ನೆಡುವುದು, ಕಾಯುವುದು

ಮಿರಗದ ಮಳೆ ಒಂದೆರಡು ಸಲ ಚೆನ್ನಾಗಿ ಬಿದ್ದು ನೆಲ ನೆನೆದ ಮೇಲೆ ನೆಡಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕಡಿಮೆ ಬೆಲೆಗೆ ಸಸಿ ಸಿಗುತ್ತವೆ. ಸಣ್ಣ ಚೀಲದ ಗೇಣುದ್ದದ ಸಸಿ ಬೇಡ, ದೊಡ್ಡ ಚೀಲದಲ್ಲಿ ಎದೆಮಟ್ಟ ಬೆಳೆದದ್ದನ್ನು ಕೇಳಿ ತನ್ನಿ. ಹೊಂಗೆಗೆ ಇಪ್ಪತ್ತು ಅಡಿ, ಬೇವಿಗೆ ಇಪ್ಪತ್ತೈದು, ಹುಣಸೆಗೆ ಮೂವತ್ತೈದು, ಮಳೆಮರಕ್ಕೆ ಐವತ್ತು ಅಡಿ ಅಂತರ ಬಿಡಿ. ಎದುರುಬದುರು ನೆಡುವುದಕ್ಕಿಂತ ಒಂದು ಬದಿಯ ಎರಡು ಮರಗಳ ನಡುವಿನ ಸಂದಿಗೆ ಎದುರು ಬದಿಯ ಮರ ಬರುವಂತೆ ನೆಟ್ಟರೆ ಹಂದರ ಬೇಗ ತುಂಬುತ್ತದೆ. ಸುತ್ತ ಜಾಲಿ ಮುಳ್ಳು ಕಟ್ಟಿ.

ಕೆಳಗಿನ ಟೊಂಗೆಗಳನ್ನು ಮೊದಲ ವರ್ಷವೇ ಎಲ್ಲ ಸವರಬೇಡಿ, ಬೊಡ್ಡೆ ದಪ್ಪ ಆಗುವುದು ಅವುಗಳಿಂದಲೇ. ಮೂರನೇ ವರ್ಷದಿಂದ ಒಂದೊಂದಾಗಿ ತೆಗೆಯುತ್ತಾ ಹೋಗಿ. ಓಣಿಯಲ್ಲಿ ಹನ್ನೆರಡು ಅಡಿ, ಲಾರಿ ಬಸ್ಸು ಓಡಾಡುವ ರಸ್ತೆಯಲ್ಲಿ ಹದಿನೆಂಟು ಅಡಿ ತನಕ ಬೊಡ್ಡೆ ಖಾಲಿ ಇರಲಿ.

ನೀರು ಮೂರು ಬೇಸಿಗೆ. ದಿನಾ ಒಂದು ಚೊಂಬು ಹಾಕುವುದಕ್ಕಿಂತ ವಾರಕ್ಕೆ ಎರಡು ಸಲ ಎರಡೆರಡು ಕೊಡ ಹಾಕಿ, ಬೇರು ಕೆಳಗೆ ಇಳಿಯುತ್ತದೆ. ಮನೆಗೊಂದು ಗಿಡ ಅಂತ ಹಂಚಿಕೊಳ್ಳಿ. ನಮ್ಮ ಓಣಿಯಲ್ಲಿ ಬಿದ್ದ ಬೇವಿನ ಜಾಗದಲ್ಲಿ ಹೋದ ಮಿರಗಕ್ಕೆ ಹೊಸ ಬೇವು ಹಚ್ಚಿದ್ದೇವೆ, ನಾಲ್ಕು ಅಡಿ ಚೌಕ ಬಿಟ್ಟು. ಅದು ಕಾಕು ಅವರ ಪಾಲಿನ ಗಿಡ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಅದಕ್ಕೇ. ಈಗ ಅವರ ಭುಜದ ತನಕ ಬಂದಿದೆ.